ಡೆಕ್ಕಿನ ಕಪ್ಪು ಕಲೆ ಪಾಚಿಯಲ್ಲ ಮಾರಾಯ್ರೆ

ಕೊನೆಗೂ ಕಲೆ ಹೋಯಿತು. ಪೂರ್ತಿ ಅಲ್ಲ, ಮೂಲೆಯ ಒಂದೆರಡು ಹಲಗೆ ಇನ್ನೂ ಹಟ ಮಾಡುತ್ತಿವೆ. ಉಳಿದದ್ದು ಮತ್ತೆ ಮರದ ಬಣ್ಣಕ್ಕೆ ಬಂದಿದೆ.

ಗೊತ್ತಿಲ್ಲದವರಿಗೆ: ಡೆಕ್, ಅಂದರೆ ಮರದ ಹಲಗೆ ಹಾಸಿದ ಜಗಲಿ, ಇರುವುದು ಮಲ್ಪೆ ಪಡುಕೆರೆಯಲ್ಲಿ, ಮನೆಯ ಹಿಂದೆ, ಕಡಲ ಗಾಳಿ ನೇರ ಮುಖಕ್ಕೆ ಹೊಡೆಯುವ ಜಾಗದಲ್ಲಿ. ಹಳೆ ಮನೆ ಕೆಡವಿದಾಗ ಸಿಕ್ಕಿದ ಮತ್ತಿ ಮರವನ್ನು ಸೀಳಿಸಿ ಮಾಡಿದ್ದು. ಮಳೆಗಾಲ ಮುಗಿದ ಮೇಲಿನ ಗುಡಿಸೋಣ, ಸಂದಿಯ ಎಲೆ ಕೆರೆಯೋಣ, ಪ್ರೆಷರ್ ವಾಶರ್ ಓಡಿಸೋಣ, ಇದೆಲ್ಲ ನಿಮಗೆ ಗೊತ್ತಿರುವುದೇ. ಹಸಿರು ಪಾಚಿ ಅಷ್ಟಕ್ಕೇ ಎದ್ದು ಬಂತು. ಕಪ್ಪು ಮಾತ್ರ ಹಾಗೇ ಉಳಿಯಿತು.

ಪ್ರತಿ ಸ್ಕ್ರೂವಿನ ಸುತ್ತ ನಾಲ್ಕಾಣೆ ಅಗಲದ ನೀಲಿಗಪ್ಪು ವೃತ್ತ. ಅಲ್ಲಿಂದ ಮರದ ನಾರಿನ ಗುಂಟ ಬಾಲದಂತೆ ಇಳಿದ ಗೆರೆ. ಅದು ಸಾಲದು ಅಂತ ಬಾಗಿಲ ಕಡೆಯ ಹಲಗೆಗಳ ಮೇಲೆಲ್ಲ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ನೋಡಿದವರೆಲ್ಲ "ಫಂಗಸ್, ಬ್ಲೀಚಿಂಗ್ ಹಾಕಿ" ಅಂದರು. ಪೇಂಟ್ ಅಂಗಡಿಯವರು ಒಂದು ಹೆಜ್ಜೆ ಮುಂದೆ ಹೋಗಿ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿಯನ್ನೇ ಮೇಜಿನ ಮೇಲಿಟ್ಟರು. ಅದು ಹೈಡ್ರೋಕ್ಲೋರಿಕ್. ಮರದ ನಾರನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲಿಗೂ ಅದರ ಕ್ಲೋರೈಡ್ ಆಗಿಬರುವುದಿಲ್ಲ. ಬೇಡ ಅಂದೆ. "ಎಲ್ಲರೂ ಇದೇ ಕೊಂಡೋಗುವುದು ಸರ್" ಅಂದರು. ಇರಬಹುದು!

ಬ್ಲೀಚ್ ಒಂದು ಹನಿ ಹಾಕಿ ಕಾದೆ. ಫಂಗಸ್ ಆಗಿದ್ದರೆ ಬಣ್ಣ ಸ್ವಲ್ಪ ಹೊತ್ತಿನಲ್ಲೇ ತೆಳುವಾಗಬೇಕು. ಇದು ಜಪ್ಪಯ್ಯ ಅನ್ನಲಿಲ್ಲ. ಅಂದರೆ ಜೀವ ಇರುವ ಸಮಾಚಾರವೇ ಅಲ್ಲ.

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಮ್ಮ ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದರು, ಕತ್ತಿಯೂ ಕಪ್ಪು, ಬೆರಳೂ ಕಪ್ಪು. ಬಾಳೆಕಾಯಿಯ ಒಗರಿನಲ್ಲಿ ಟ್ಯಾನಿನ್ ಇದೆ, ಅದು ಕಬ್ಬಿಣಕ್ಕೆ ಸೇರಿದರೆ ಆಗುವುದೇ ಈ ಬಣ್ಣ. ಹಿಂದೆ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಸಲ್ಫೇಟು) ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಈಗ ತಮಾಷೆ ನೋಡಿ, ಅಳಲೆಯೂ ಮತ್ತಿಯೂ ಒಂದೇ ಕುಲ, ಎರಡೂ ಟರ್ಮಿನೇಲಿಯಾ. ನನ್ನ ಡೆಕ್ಕು ಮಳೆಗಾಲವಿಡೀ ಕೂತು ಶಾಯಿ ತಯಾರಿಸಿದೆ!

"ಹುಳಿ ಹಾಕಿ ತಿಕ್ಕು, ಹೋಗ್ತದೆ" ಅಂದರು ಅಮ್ಮ, ಬೆರಳಿಗೆ ಲಿಂಬೆ ಸಿಪ್ಪೆ ಉಜ್ಜುತ್ತಾ. ಅದೇ ಸಿಪ್ಪೆ ತಗೊಂಡು ಹೋಗಿ ಒಂದು ವೃತ್ತದ ಮೇಲೆ ಉಜ್ಜಿದೆ. ಅಂಚು ಕಂದಾಯಿತು. ನಡುವಿನ ಕಪ್ಪು ನೀಲಿಗೆ, ನೀಲಿ ಬೂದಿಗೆ ಇಳಿಯಿತು. ಆ ಸಂಜೆ ಊಟದ ತನಕ ನಾನು ಡೆಕ್ಕಿನಿಂದ ಎದ್ದಿಲ್ಲ.

ಆದರೆ ಕಬ್ಬಿಣ ಬಂದದ್ದು ಎಲ್ಲಿಂದ? ಸ್ಕ್ರೂ ಎಲ್ಲ "ಎಸ್.ಎಸ್." ಅಂತ, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಅಂತ ದುಡ್ಡು ಕೊಟ್ಟು ತಂದದ್ದು. ಒಂದನ್ನು ಬಿಚ್ಚಿ ಆಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿತು. 304 ಅನ್ನುವ ಮಾಮೂಲಿ ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಕೂಡ ತಯಾರಾಗುವಾಗ ಬಿದ್ದ ಒತ್ತಡಕ್ಕೆ ಸ್ವಲ್ಪ ಎಳೆಯುವುದುಂಟು, ಆದರೆ ಹೀಗೆ ಕಚ್ಚಿಕೊಳ್ಳುವುದಿಲ್ಲ. ಇವು 410 ದರ್ಜೆಯವು. ತಾವೇ ತೂತು ಕೊರೆದುಕೊಳ್ಳುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳಲ್ಲಿ ಇದು ಮಾಮೂಲಿ, ಯಾಕೆಂದರೆ ಗಡುಸಾಗಿ ಹದಮಾಡಬಹುದು. ಉಪ್ಪು ಗಾಳಿಗೆ ಮಾತ್ರ ತಡೆಯುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, "ಎಸ್.ಎಸ್. ಅಂದ್ರೆ ಎಸ್.ಎಸ್., ಅದ್ರಲ್ಲಿ ನಂಬ್ರ ಎಂತದು?" ಅಂತ ನನಗೇ ಪ್ರಶ್ನೆ. ಸಮುದ್ರದ ಹತ್ತಿರ ಬೇಕಾದ್ದು 316. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಉಪ್ಪಿಗೆ ಜಗ್ಗದಿರುವುದಕ್ಕೆ ಅದೇ ಕಾರಣ. ಬಂದರಿನ ಹತ್ತಿರ ಬೋಟಿನ ಸಾಮಾನು ಮಾರುವಲ್ಲಿ ವಿಚಾರಿಸಿದರೆ 316 ಬೋಲ್ಟ್ ಇದೆ, ಮರದ ಸ್ಕ್ರೂ ಇಲ್ಲ. ಬೆಂಗಳೂರಿನಿಂದ ತರಿಸಿದೆ. ರೇಟು ಕೇಳಬೇಡಿ.

ಸರಿ, ವೃತ್ತದ ಕತೆ ಅದು. ಚುಕ್ಕೆಗಳದ್ದು? ಅಲ್ಲಿ ಸ್ಕ್ರೂವೇ ಇಲ್ಲ. ಲೆನ್ಸ್ ಹಿಡಿದು ನೋಡಿದಾಗ ಒಂದೊಂದು ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಕಂದು ಕಣ. ಹಲಗೆ ಸಾಲು ಹಿಡಿದು ಹಿಂದೆ ಹಿಂದೆ ಹೋದರೆ ಚುಕ್ಕೆ ದಟ್ಟವಾಗುತ್ತಾ ಹಿಂಬಾಗಿಲ ಗ್ರಿಲ್‌ಗೆ ಮುಟ್ಟಿತು. ಮಳೆಗೆ ಮೊದಲು ಗ್ರಿಲ್ ಕೆಲಸದವರು ಅಲ್ಲೇ ಕೂತು ಕಟಿಂಗ್ ವ್ಹೀಲ್ ಓಡಿಸಿದ್ದರಲ್ಲ! ಆ ಕಿಡಿ ಅಂದರೆ ಉಕ್ಕಿನ ಪುಡಿ. ಹಲಗೆಯಲ್ಲಿ ಕೂತದ್ದು ಮೊದಲ ಮಳೆಗೇ ತುಕ್ಕು ಹಿಡಿದು ಬಣ್ಣ ಬಿಟ್ಟಿದೆ. ತಂತಿ ಬ್ರಷ್, ಸ್ಟೀಲ್ ವೂಲ್ ಡೆಕ್ಕಿಗೆ ತರಬೇಡಿ ಅನ್ನುವುದೂ ಇದಕ್ಕೇ. ಚೂರು ಉಳಿದರೆ ಮುಂದಿನ ವರ್ಷದ ಬೆಳೆಗೆ ಬಿತ್ತಿದ ಹಾಗೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಆಯಸ್ಕಾಂತ ಸುತ್ತಿ ಹಲಗೆ ಮೇಲೆ ಎಳೆದೆ. ತೊಟ್ಟೆ ಮಗುಚಿದಾಗ ಬಿದ್ದ ಪುಡಿ ಒಂದು ಚಮಚಕ್ಕೆ ಕಡಿಮೆ ಇರಲಿಲ್ಲ.

ಇಡೀ ಡೆಕ್ಕಿಗೆ ಲಿಂಬೆಹಣ್ಣು ಹಿಂಡುವಷ್ಟು ಶ್ರೀಮಂತ ನಾನಲ್ಲ. ಬೇಕಾದ್ದು ಆಕ್ಸಾಲಿಕ್ ಆಸಿಡ್ ಪುಡಿ. ಮಾರ್ಬಲ್ ಪಾಲಿಶ್ ಮಾಡುವವರು ಬಳಸುವುದು ಇದನ್ನೇ, ಅವರಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಸುಲಭಕ್ಕೆ ಸಿಕ್ಕಿತು. ಲೀಟರ್ ಬಿಸಿ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ. ಮರ ಒದ್ದೆ ಮಾಡಿ ಹಚ್ಚಿ, ಒಣಗಲು ಬಿಡದೆ ನೈಲಾನ್ ಬ್ರಷ್ಷಿನಲ್ಲಿ ತಿಕ್ಕಿ ತೊಳೆದೆ. ಅದು ಟ್ಯಾನಿನ್ನಿನಿಂದ ಕಬ್ಬಿಣವನ್ನು ಬಿಡಿಸಿ ನೀರಿಗೆ ಕೊಡುತ್ತದೆ. ಹರಿದು ಹೋದ ನೀರು ತೆಳು ಹಳದಿ ಇತ್ತು.

ಇದು ವಿಷ, ಸುಮ್ನೆ ಹೇಳುತ್ತಿಲ್ಲ. ಗ್ಲೌಸು, ಕನ್ನಡಕ ಬೇಕು, ಪುಡಿ ಮೂಗಿಗೆ ಹೋಗಬಾರದು, ನೀರು ಬಾವಿ ಕಡೆ ಹರಿಯಬಾರದು. ಬ್ಲೀಚ್ ಹಾಕಿದ ಜಾಗವಾದರೆ ಮೊದಲು ಚೆನ್ನಾಗಿ ತೊಳೆಯಿರಿ, ಎರಡೂ ಸೇರಿದರೆ ಕ್ಲೋರಿನ್ ಗ್ಯಾಸು. ಇನ್ನೊಂದು, ನಮ್ಮ ಮುರಕಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ, ಈ ಆಸಿಡ್ ಕರಗಿಸುವುದೂ ಅದನ್ನೇ. ಅದಕ್ಕೆ ಮುರಕಲ್ಲಿನ ಮೆಟ್ಟಿಲಿಗೆ ಟಾರ್ಪಾಲು ಹೊದಿಸಿಯೇ ಶುರು ಮಾಡಿದ್ದು.

ಮೆಟ್ಟಿಲು ಅಂದಾಗ ನೆನಪಾಯಿತು. ಅದೇ ಹಳೆ ಮನೆಯ ನೆಲದ ಹಂಚು ಒಂದು ರಾಶಿ ಬಿದ್ದಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರೆಲ್ಲ ಹಬ್ಬಿದ ಜಾತಿಯದ್ದು. ಇವುಗಳ ಮೇಲಿನ ಕಪ್ಪು ಮಾತ್ರ ನಿಜವಾಗಿಯೂ ಪಾಚಿ, ಬ್ಲೀಚ್ ಹನಿ ಹಾಕಿ ನೋಡಿಯಾಗಿದೆ. ಜೋರು ಪ್ರೆಷರ್ ಕೊಟ್ಟರೆ ಸುಟ್ಟ ಮಣ್ಣಿನ ಮೇಲ್ಪದರ ಎದ್ದು ಮುಂದಿನ ಮಳೆಗೆ ಪಾಚಿಗೆ ಇನ್ನೂ ಒಳ್ಳೆ ಜಾಗವಾಗುತ್ತದೆ. ಡೆಕ್ಕಿನಿಂದ ಬಾವಿಕಟ್ಟೆಗೆ ಅದರದ್ದೇ ದಾರಿ ಮಾಡುವ ಯೋಚನೆ ಇದೆ. ಮನೆಯವಳಿಗೆ ಇನ್ನೂ ಹೇಳಿಲ್ಲ.

ಡೆಕ್ಕಿಗೆ ಎಣ್ಣೆ ಈಗಲೇ ಇಲ್ಲ, ಮರ ಒಳಗಿನವರೆಗೆ ಒಣಗಲಿ. ಹಸಿ ಅಗಸೆ ಎಣ್ಣೆ ಅಂತೂ ಬೇಡ, ನಮ್ಮ ತೇವಕ್ಕೆ ಅದು ಬೂಷ್ಟಿಗೆ ಹಾಕಿದ ಊಟ. ಮೂಲೆಯ ಹಲಗೆಗಳ ಸ್ಕ್ರೂ ತಲೆ ಮುರಿದು ಒಳಗೇ ಉಳಿದಿವೆ, ಅಲ್ಲಿ ಕಪ್ಪು ಮರಳಿ ಬರುತ್ತಿರುವುದು ಅದಕ್ಕೇ. ಕೊರೆದು ತೆಗೆಯಬೇಕು. ಅಷ್ಟರಲ್ಲಿ ಉಡುಪಿ, ಮಂಗಳೂರು ಕಡೆ ಎಲ್ಲಾದರೂ 50 ಎಂ.ಎಂ. ಉದ್ದದ 316 ಸ್ಕ್ರೂ ಬಿಡಿಯಾಗಿ ಸಿಗುತ್ತದೆ ಅಂತ ಗೊತ್ತಿದ್ದರೆ ತಿಳಿಸಿ. ಇನ್ನೊಂದು ಇಡೀ ಪೆಟ್ಟಿಗೆ ತರಿಸುವ ತಾಕತ್ತು ನನಗಿಲ್ಲ.