ಮೊದಲ ವಾರವೇ ವೆಟ್ ಲ್ಯಾಬಿಗೆ ಹೋಗಬೇಕಿತ್ತು

ಮೂರು ತಿಂಗಳಿಗೆ ವಿಸಿಟಿಂಗ್ ರಿಸರ್ಚರ್ ಆಗಿ ಹೊರದೇಶದ ಒಂದು ಯೂನಿವರ್ಸಿಟಿಗೆ ಹೋಗಿದ್ದೆ. ಅಲ್ಲಿನ ಲ್ಯಾಬಿನವರು ರೋಗಿಗಳ ಮತ್ತು ಆರೋಗ್ಯವಂತರ ರಕ್ತದಿಂದ ಬಿಳಿ ರಕ್ತಕಣ ಬೇರ್ಪಡಿಸಿ, ಅದರ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದ್ದರು. ರೋಗಿಗಳಲ್ಲಿ ಯಾವ ಜೀನ್ ಜಾಸ್ತಿ ಕೆಲಸ ಮಾಡುತ್ತಿದೆ, ಯಾವುದು ಕಡಿಮೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ವರ್ಷಗಳಿಂದ ಮಾಡುತ್ತಿರುವ ಕೆಲಸವೇ. ಹದಿನೈದು ದಿನದಲ್ಲಿ ಲೆಕ್ಕ ಮುಗಿಯುತ್ತೆ, ಉಳಿದ ದಿನ ಪೇಪರ್ ಬರೆಯೋಣ ಎಂದುಕೊಂಡಿದ್ದೆ.

ಡೇಟಾ ಕೈಗೆ ಸಿಗಲಿಕ್ಕೇ ಮೂರು ವಾರ ಹೋಯಿತು. ಎಥಿಕ್ಸ್ ಕಮಿಟಿಯ ಅನುಮತಿಯಲ್ಲಿ ನನ್ನ ಹೆಸರು ಸೇರಬೇಕು, ಡೇಟಾ ಒಪ್ಪಂದಕ್ಕೆ ಎರಡೂ ಸಂಸ್ಥೆಗಳ ಸಹಿ ಬೇಕು, ಲೆಕ್ಕ ಓಡಿಸುವ ದೊಡ್ಡ ಕಂಪ್ಯೂಟರ್‌ಗಳ ಕ್ಲಸ್ಟರ್‌ನಲ್ಲಿ ಅಕೌಂಟ್ ಬೇಕು. ರೋಗಿಗಳ ಮಾಹಿತಿ ಅಂದಮೇಲೆ ಇಷ್ಟು ಬಿಗಿ ಇರಲೇಬೇಕು. ಹೀಗೆ ಹೋಗುವವರು ಈ ಕಾಗದಪತ್ರವನ್ನು ವೀಸಾ ಅರ್ಜಿಯ ಜೊತೆಗೇ ಶುರು ಮಾಡಿ.

ಆ ಮೂರು ವಾರ ನಾನು ಸಾರ್ವಜನಿಕ ಡೇಟಾ ಇಟ್ಟುಕೊಂಡು ಪೈಪ್‌ಲೈನ್, ಅಂದರೆ ಲೆಕ್ಕದ ಸ್ಕ್ರಿಪ್ಟ್‌ಗಳ ಸರಣಿ, ಸಿದ್ಧ ಮಾಡುತ್ತಾ ಕೂತೆ. ರಕ್ತದ ಸ್ಯಾಂಪಲ್‌ಗಳ ಮೇಲೆ ಕೈಯಾರೆ ಕೆಲಸ ಮಾಡುವ ವೆಟ್ ಲ್ಯಾಬ್ ಅದೇ ಮಹಡಿಯಲ್ಲಿತ್ತು, ಎರಡು ಬಾಗಿಲು ಆಚೆ. ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಹೊಸಬ, ಅವರ ಕೆಲಸಕ್ಕೆ ಯಾಕೆ ಸುಮ್ನೆ ಅಡ್ಡ ಬರಬೇಕು ಅನ್ನುವ ಸಂಕೋಚ.

ಡೇಟಾ ಬಂತು. ಆರ್‌ಎನ್‌ಎ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂದು ತೋರಿಸುವ ರಿನ್ ಅಂಕ 1ರಿಂದ 10ರವರೆಗೆ ಇರುತ್ತದೆ. ನಮ್ಮ ಸ್ಯಾಂಪಲ್‌ಗಳೆಲ್ಲ 8ಕ್ಕಿಂತ ಮೇಲೆ. ಒಂದೇ ಥರದ ಸ್ಯಾಂಪಲ್‌ಗಳನ್ನು ಹತ್ತಿರ ಹತ್ತಿರ ತೋರಿಸುವ ಪಿಸಿಎ ಚಿತ್ರ ತೆಗೆದರೆ ರೋಗಿಗಳೆಲ್ಲ ಎಡಕ್ಕೆ, ಆರೋಗ್ಯವಂತರೆಲ್ಲ ಬಲಕ್ಕೆ, ನಡುವೆ ಖಾಲಿ ಜಾಗ. ಗ್ರೂಪ್ ಮೀಟಿಂಗ್‌ನಲ್ಲಿ ಎಲ್ಲರಿಗೂ ಖುಷಿ. ನನಗೂ ಖುಷಿಯೇ.

ರಾತ್ರಿ, ರೋಗಿಗಳಲ್ಲಿ ಜಾಸ್ತಿ ಕೆಲಸ ಮಾಡುತ್ತಿದ್ದ ಜೀನ್‌ಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಎಲ್ಲಕ್ಕಿಂತ ಮೇಲೆ ಫಾಸ್, ಜುನ್. ಜೀವಕೋಶಕ್ಕೆ ಏನೇ ಕಿರಿಕಿರಿಯಾದರೂ ಕೆಲವೇ ನಿಮಿಷದಲ್ಲಿ ಏಳುವ ಜೀನ್‌ಗಳು ಇವು. ರೋಗದಿಂದಲೂ ಏಳಬಹುದು. ರಕ್ತ ಟ್ಯೂಬಿನಲ್ಲಿ ಹೊತ್ತು ಕಳೆದರೂ ಏಳಬಹುದು. ನನ್ನ ಹತ್ತಿರ ಇದ್ದ ಮೆಟಾಡೇಟಾ ಶೀಟಿನಲ್ಲಿ ವಯಸ್ಸು, ಲಿಂಗ, ಔಷಧಿ ಎಲ್ಲ ಇತ್ತು. ರಕ್ತ ಎಷ್ಟು ಹೊತ್ತು ಕಾದಿತ್ತು ಅನ್ನುವ ಕಾಲಂ ಇರಲಿಲ್ಲ.

ಮರುದಿನ ಬೆಳಗ್ಗೆ ಎರಡು ಬಾಗಿಲು ದಾಟಿ ಹೋದೆ. ಟೆಕ್ನಿಷಿಯನ್ ಮೈನಸ್ 80 ಡಿಗ್ರಿ ಫ್ರೀಜರ್ ಮುಂದೆ ನಿಂತು ಡಬ್ಬಿಗಳನ್ನು ಜೋಡಿಸುತ್ತಿದ್ದರು. ದಪ್ಪ ನೀಲಿ ಗ್ಲೌಸ್, ಪಕ್ಕದ ಟೇಬಲ್ ಮೇಲೆ ಅವರ ನೋಟ್‌ಬುಕ್. "ರಕ್ತ ಬಂದಾಗಿನಿಂದ ಇಲ್ಲಿಗೆ ಬರುವವರೆಗೆ ಏನೇನಾಗುತ್ತೆ, ಸ್ವಲ್ಪ ಹೇಳ್ತೀರಾ?" ಎಂದೆ. ಅವರು ಗ್ಲೌಸ್ ಕಳಚಿ, ನೋಟ್‌ಬುಕ್ ತೆಗೆದು ಒಂದೊಂದಾಗಿ ತೋರಿಸಿದರು. ಆರೋಗ್ಯವಂತರ ರಕ್ತ ಕೆಳಗಿನ ಮಹಡಿಯಲ್ಲೇ ತೆಗೆಯುತ್ತಾರೆ, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ಗೆ ಹೋಗುತ್ತದೆ. ರೋಗಿಗಳದ್ದು ಬೆಳಗ್ಗೆ ಆಸ್ಪತ್ರೆಯಲ್ಲಿ ತೆಗೆದು, ಮಧ್ಯಾಹ್ನದ ಗಾಡಿಯಲ್ಲಿ ಬರುತ್ತದೆ. ಪ್ರತಿ ಟ್ಯೂಬಿನ ಹೊತ್ತೂ ಅವರ ಕೈಬರಹದಲ್ಲಿ ನೀಟಾಗಿ ಇತ್ತು. "ಇದನ್ನ ಇದುವರೆಗೂ ಯಾರೂ ಕೇಳಿರಲಿಲ್ಲ" ಅಂದರು.

ರಿನ್ ಅಂಕ ನಮ್ಮನ್ನು ಕಾಪಾಡಲಿಲ್ಲ ಯಾಕೆ ಅಂದರೆ, ಅದು ಆರ್‌ಎನ್‌ಎ ಒಡೆದಿದೆಯಾ ಎಂದಷ್ಟೇ ಹೇಳುತ್ತದೆ. ಟ್ಯೂಬಿನೊಳಗಿನ ಕಣಗಳು ಇನ್ನೂ ಜೀವಂತ. ಕಾಯುವ ಹೊತ್ತಿನಲ್ಲಿ ಅವು ಹೊಸ ಆರ್‌ಎನ್‌ಎ ಮಾಡುತ್ತಲೇ ಇರುತ್ತವೆ, ಅದೂ ಗಟ್ಟಿಯಾಗೇ ಇರುತ್ತದೆ.

ಲೆಕ್ಕದ ಮಾಡೆಲ್‌ಗೆ ರಕ್ತ ಕಾದ ಹೊತ್ತನ್ನೂ ಸೇರಿಸಿದರೆ ಆಯ್ತು ಅಲ್ವಾ ಎಂದು ಒಬ್ಬರು ಕೇಳಿದರು. ರೋಗಿಗಳಲ್ಲಿ ಕೆಲವರದ್ದು ಬೇಗ, ಆರೋಗ್ಯವಂತರಲ್ಲಿ ಕೆಲವರದ್ದು ತಡ ಆಗಿದ್ದರೆ ಆಗುತ್ತಿತ್ತು. ಇಲ್ಲಿ ರೋಗಿ ಅಂದರೆ ತಡ, ಆರೋಗ್ಯವಂತ ಅಂದರೆ ಬೇಗ. ಎರಡೂ ಒಂದೇ ಗೆರೆ ಮೇಲೆ ಕೂತಿದ್ದರೆ ಯಾವ ಸಾಫ್ಟ್‌ವೇರ್‌ಗೂ ಬೇರ್ಪಡಿಸಲಿಕ್ಕೆ ಆಗುವುದಿಲ್ಲ.

ಪ್ರೊಫೆಸರ್‌ಗೆ ಹೇಳುವುದು ಕಷ್ಟವಾಯಿತು. ಮೀಟಿಂಗ್‌ಗೆ ಕಾಯದೆ ಅವರ ರೂಮಿಗೇ ಹೋಗಿ, ಪಟ್ಟಿ ಮತ್ತು ನೋಟ್‌ಬುಕ್ಕಿನ ಪುಟ ಎರಡನ್ನೂ ಮುಂದೆ ಇಟ್ಟೆ. ಅವರು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಇದನ್ನ ಪರೀಕ್ಷೆ ಮಾಡೋದು ಹೇಗೆ?"

ಆರೋಗ್ಯವಂತರ ರಕ್ತವನ್ನೇ ಬೇಕಂತ ಟ್ಯೂಬಿನಲ್ಲಿ ಹೊತ್ತು ಕಳೆಯಲು ಬಿಟ್ಟು ನೋಡಿದೆವು. ಒಬ್ಬರದೇ ರಕ್ತ ಮೂರು ಟ್ಯೂಬು; ಒಂದು ಕೂಡಲೇ, ಒಂದು 2 ಗಂಟೆ ಬಿಟ್ಟು, ಒಂದು 6 ಗಂಟೆ ಬಿಟ್ಟು. ಮತ್ತೆ ಸೀಕ್ವೆನ್ಸಿಂಗ್‌ಗೆ ಹೋಗಲಿಲ್ಲ, ಪಟ್ಟಿಯ ಮೇಲಿನ ಕೆಲವು ಜೀನ್‌ಗಳಿಗೆ, ಆಯ್ದ ಜೀನ್‌ಗಳ ಆರ್‌ಎನ್‌ಎ ಮಾತ್ರ ಅಳೆಯುವ ಕ್ಯೂಪಿಸಿಆರ್ ಪರೀಕ್ಷೆ ಸಾಕಾಯಿತು. ರೋಗವೇ ಇಲ್ಲದವರ ರಕ್ತದಲ್ಲೂ ಫಾಸ್ ಗಂಟೆ ಕಳೆದಂತೆ ಏರಿತ್ತು. ಹೀಗೆ ಏರಿದವನ್ನೆಲ್ಲ ಪಟ್ಟಿಯಿಂದ ತೆಗೆದೆವು. ಅಲುಗದೆ ಉಳಿದದ್ದು ಕೆಲವೇ ಜೀನ್‌ಗಳು. ಅವುಗಳನ್ನೂ ಹೊಸ ಸ್ಯಾಂಪಲ್‌ಗಳಲ್ಲಿ ನೋಡಿದ ಮೇಲೆಯೇ ಬರೆಯುವುದು ಎಂದು ತೀರ್ಮಾನವಾಯಿತು.

ಪೇಪರ್ ಬರೆಯದೆ ವಾಪಸ್ ಬಂದೆ. ಹೊರಡುವ ಎರಡು ವಾರ ಮುಂಚೆ ನನ್ನ ಸ್ಕ್ರಿಪ್ಟ್‌ಗಳನ್ನು ಅಲ್ಲಿನ ವಿದ್ಯಾರ್ಥಿನಿಗೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಮೊದಲಿನಿಂದ ಓಡಿಸಲು ಹೇಳಿದೆ. ನಾಲ್ಕು ಕಡೆ ನಿಂತಿತು, ನಾಲ್ಕನ್ನೂ ಸರಿ ಮಾಡಿದೆ. ಮೆಟಾಡೇಟಾ ಶೀಟಿಗೆ ಟೆಕ್ನಿಷಿಯನ್ ತಾವೇ ಎರಡು ಕಾಲಂ ಸೇರಿಸಿದರು: ರಕ್ತ ತೆಗೆದ ಹೊತ್ತು, ಫ್ರೀಜರ್‌ಗೆ ಇಟ್ಟ ಹೊತ್ತು. ಆಸ್ಪತ್ರೆಯ ಜೊತೆ ಮಾತಾಡಿ, ಆರೋಗ್ಯವಂತರ ಟ್ಯೂಬುಗಳೂ ಈಗ ಅದೇ ಮಧ್ಯಾಹ್ನದ ಗಾಡಿಯಲ್ಲಿ ಬರುತ್ತಿವೆ.