ಅಜ್ಜಿಗೆ ಗೊತ್ತಿದ್ದ ಬೇರು, ಬಾಸೆಲಿನಲ್ಲಿ ಸಿಕ್ಕ ಹರಳು

ನವೆಂಬರಿನಲ್ಲೊಂದು ದಿನ ಇಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ, ಶಾಲಾಮಕ್ಕಳು ತಂದೆತಾಯಿಯರ ಕೆಲಸದ ಜಾಗಕ್ಕೆ ಹೋಗುವ ರೂಢಿಯಿದೆ. ಈ ಬಾರಿ ನನ್ನೊಡನೆ ಪ್ರಯೋಗಾಲಯಕ್ಕೆ ಬಂದ ಮಗಳು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನ ಸೂಕ್ಷ್ಮತೆಯನ್ನು ಪರೀಕ್ಷಿಸಲು ನಾವು ಬಳಸುವ ರೆಸರ್ಪಿನ್ ದ್ರಾವಣದ ಕಂದು ಸೀಸೆಯನ್ನು ತೋರಿಸಿ ಅದೇನೆಂದು ಕೇಳಿದಳು. ಸರ್ಪಗಂಧದ ಬೇರಿನಲ್ಲಿರುವ ಮದ್ದು, 1952ರಲ್ಲಿ ಇದೇ ಬಾಸೆಲಿನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರ್ಪಡಿಸಿದ್ದು ಎಂದೆ. "ಮಲ್ಲೇಶ್ವರದ ಅಜ್ಜಿಗೆ ಆ ಬೇರು ಮೊದಲೇ ಗೊತ್ತಿತ್ತಲ್ಲ ಅಮ್ಮ, ಹಾಗಾದರೆ ಇವರು ಕಂಡುಹಿಡಿದದ್ದೇನು?" ಎಂದಳು.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನನ್ನ ಅಮ್ಮನಿಗೆ ಗೊತ್ತಿದ್ದದ್ದು ಬೇರಿನ ಗುಣ: ನಿದ್ದೆ ಬಾರದವರಿಗೆ, ಚಿತ್ತ ಕೆಟ್ಟವರಿಗೆ ಅದನ್ನು ತೇಯ್ದು ಕೊಡುತ್ತಿದ್ದರೆಂಬುದು. ಆ ಬೇರಿನೊಳಗಿನ ಹತ್ತಾರು ಆಲ್ಕಲಾಯ್ಡುಗಳಲ್ಲಿ, ಅಂದರೆ ಸಾರಜನಕವಿರುವ ಸಸ್ಯರಾಸಾಯನಿಕಗಳಲ್ಲಿ, ಗುಣ ಯಾವುದರದ್ದು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಮೊದಲು ಕೇಳಿದವರೂ ನಮ್ಮವರೇ ಎಂಬುದು ನನಗೆ ಹೆಮ್ಮೆ. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಅಜ್ಮಲಿನ್, ಸರ್ಪೆಂಟಿನ್ ಮುಂತಾದವನ್ನು ಹರಳಾಗಿ ತೆಗೆದರು; ಹೃದಯದ ಬ್ರುಗಾಡಾ ತೊಂದರೆಯನ್ನು ಪತ್ತೆಹಚ್ಚಲು ಯುರೋಪಿನ ಆಸ್ಪತ್ರೆಗಳು ಇಂದಿಗೂ ಅಜ್ಮಲಿನ್ ಬಳಸುತ್ತವೆ. 1949ರಲ್ಲಿ ಬೊಂಬಾಯಿಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ರಕ್ತದೊತ್ತಡದ ಮೇಲೆ ಈ ಬೇರಿನ ಪರಿಣಾಮವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆದರೆ ಮನಸ್ಸನ್ನು ತಣಿಸುವ ಶಕ್ತಿ ಆ ಹರಳುಗಳಲ್ಲಿರಲಿಲ್ಲ. ಹರಳುಗಟ್ಟದೆ ಉಳಿದಿದ್ದ ರಾಳದಂಥ ಅಂಟಿನಲ್ಲಿತ್ತು. ಬಾಸೆಲಿನ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಆ ಅಂಟನ್ನೇ ಹಿಡಿದು ಕುಳಿತು, ಅದರಿಂದ ರೆಸರ್ಪಿನ್ ತೆಗೆದರು. ಅವರ ಆ ಹಟವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಕೆಲಸ ಎಷ್ಟು ನಿಧಾನದ್ದೆಂದು ಮಾಡಿದವರಿಗೇ ಗೊತ್ತು. ನೆರಳಿನಲ್ಲಿ ಒಣಗಿಸಿ ಪುಡಿಮಾಡಿದ ಬೇರನ್ನು ಮೆಥನಾಲಿನಲ್ಲಿ ನೆನೆಸಿ, ಬಸಿದ ಸಾರವನ್ನು ಆಮ್ಲ, ಪ್ರತ್ಯಾಮ್ಲಗಳಿಂದ ಸಂಸ್ಕರಿಸಿ, ಆಲ್ಕಲಾಯ್ಡುಗಳನ್ನು ಕ್ಲೋರೋಫಾರ್ಮಿಗೆ ಇಳಿಸಿಕೊಂಡು, ಸಿಲಿಕಾ ಜೆಲ್ ತುಂಬಿದ ಗಾಜಿನ ಕಾಲಮಿನಲ್ಲಿ ಹನಿಹನಿಯಾಗಿ ಹಾಯಿಸಿ ಬೇರೆ ಬೇರೆ ಭಾಗಗಳಾಗಿ ಹಿಡಿಯಬೇಕು. ಪ್ರತಿ ಭಾಗದ ಒಂದು ಚುಕ್ಕೆಯನ್ನು ಪ್ಲೇಟಿಗಿಟ್ಟು ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದರೆ, ಆಲ್ಕಲಾಯ್ಡು ಇದ್ದಲ್ಲಿ ಕಿತ್ತಳೆ ಬಣ್ಣ ಮೂಡುತ್ತದೆ. ಬೆಳಕು ತಾಗಿದರೆ ರೆಸರ್ಪಿನ್ ಕೆಡುತ್ತದೆ, ಹಾಗಾಗಿ ಕಂದು ಸೀಸೆ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ರೆಸರ್ಪಿನ್ನಿನ ತೂಕವನ್ನು ಸೂಚಿಸುವ 609ರ ಬಳಿ ಗೆರೆ ಎದ್ದರೂ ಗುರುತು ಖಚಿತವಾಗದು. ಅದೇ ತೂಕದ ಐಸೊರೆಸರ್ಪಿನ್ ಕೂಡ ಇದೆ. ಪರಮಾಣುಗಳ ಜೋಡಣೆಯನ್ನು ಎನ್‌ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿಟ್ಟು ಮಾಡುವ ಪರೀಕ್ಷೆ, ಹೇಳಿದ ಮೇಲೆಯೇ ಹೆಸರು ಬರೆಯಬೇಕು.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವಾಗ ನಾನು ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯಿಂದ ಸರ್ಪಗಂಧ ತಂದಿದ್ದೆ. ಸಸ್ಯಶಾಸ್ತ್ರದವರು ಗುರುತಿಸಿ, ಮಾದರಿಯೊಂದನ್ನು ತೆಗೆದಿಡುವವರೆಗೆ ಸೀಸೆ ಮುಟ್ಟಬಾರದೆಂದರು ನಮ್ಮ ಮೇಡಂ. ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತೊಗಟೆಯ ತುಂಬ ಕಲ್ಲುಕೋಶಗಳು ಕಂಡವು. ನಿಜವಾದ ಸರ್ಪಗಂಧದ ತೊಗಟೆಯಲ್ಲಿ ಅವು ಇರುವುದಿಲ್ಲ. ಅಂಗಡಿಯವರು ಕೊಟ್ಟದ್ದು ಅದೇ ಕುಲದ, ಅಮೆರಿಕ ಮೂಲದ ಇನ್ನೊಂದು ಗಿಡದ ಬೇರು. ಆಲ್ಕಲಾಯ್ಡುಗಳ ಬಹುಪಾಲು ತೊಗಟೆಯಲ್ಲೇ ಇರುವುದರಿಂದ, ಕೀಳುವಾಗ ಸಿಪ್ಪೆ ಸುಲಿದುಹೋದ ಬೇರಂತೂ ಬರಿಯ ಸೌದೆ.

ಮಗಳಿಗೆ ಇಷ್ಟನ್ನೂ ಹೇಳಿದೆ. ಅಜ್ಜಿಯ ತಿಳಿವಳಿಕೆ ಇಲ್ಲದಿದ್ದರೆ ಇವರು ಆ ಬೇರನ್ನು ಹುಡುಕುತ್ತಲೇ ಇರಲಿಲ್ಲ, ಇವರ ದುಡಿಮೆ ಇಲ್ಲದಿದ್ದರೆ ಎಷ್ಟು ಕೊಟ್ಟರೆ ಮದ್ದು, ಎಷ್ಟು ಹೆಚ್ಚಿದರೆ ಅಪಾಯ ಎಂಬುದು ನಿಖರವಾಗುತ್ತಿರಲಿಲ್ಲ ಎಂದೆ. ಹೇಳದೆ ಉಳಿದ ನೋವು ಬೇರೆ. ಪರಂಪರೆಯ ಬಗ್ಗೆ ಇಷ್ಟು ಅಭಿಮಾನವಿರುವ ನಾವು ಚೀಲದಲ್ಲಿರುವುದು ಯಾವ ಗಿಡವೆಂದು ಕೇಳುವುದಿಲ್ಲ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಬೇರು ಬಲಿಯಲು ಒಂದೂವರೆ ವರ್ಷವಾದರೂ ಬೇಕು. 1990ರಿಂದ ಸರ್ಪಗಂಧದ ಅಂತರರಾಷ್ಟ್ರೀಯ ವ್ಯಾಪಾರ, ಅಪಾಯದಲ್ಲಿರುವ ಜೀವಿಗಳನ್ನು ಉಳಿಸುವ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಕಾಡಿನದೋ, ಹೊಲದಲ್ಲಿ ಬೆಳೆದದ್ದೋ ಎಂಬುದನ್ನು ಪೇಟೆಯ ಪ್ರತಿ ಚೀಲದ ಮೇಲೂ ಬರೆಯಲಿ, ಗಿಡ ಯಾವುದೆಂದು ಪರೀಕ್ಷಿಸಿದವರ ಸಹಿ ಅದರ ಕೆಳಗಿರಲಿ.