ಒಂದು ದಿನ ಉಪವಾಸ ಮಾಡಿದರೆ ಏನಾಗುತ್ತೆ ಅಂತ ಕೇಳುವವರಿಗೆ

ಏಕಾದಶಿ, ಶಿವರಾತ್ರಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಎಲ್ಲಿ ಹೋದರೂ ಇದೇ ಪ್ರಶ್ನೆ: "ಒಂದು ದಿನ ಊಟ ಬಿಟ್ಟರೆ ಏನಾಗಿಬಿಡುತ್ತೆ?" ನನಗೆ ಅಕ್ಯೂಟ್ ಇಂಟರ್‌ಮಿಟೆಂಟ್ ಪಾರ್ಫಿರಿಯಾ ಅನ್ನುವ, ವಂಶದಲ್ಲಿ ಬರುವ ಕಾಯಿಲೆ ಇದೆ. ಊಟ ಬಿಟ್ಟರೆ ಅದು ಕೆರಳಬಹುದು. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಬಹುಪಾಲು ತಯಾರಾಗುವುದು ಮೂಳೆ ಮಜ್ಜೆಯಲ್ಲಿ. ಲಿವರ್ ಕೂಡ ತನಗೆ ಬೇಕಾದಷ್ಟು ಮಾಡಿಕೊಳ್ಳುತ್ತದೆ, ಯಾಕೆಂದರೆ ಔಷಧಿಗಳನ್ನು ಒಡೆಯುವ ಅದರ ಪಿ450 ಎಂಜೈಮ್‌ಗಳಿಗೆ ಹೀಮ್ ಬೇಕೇ ಬೇಕು. ಒಟ್ಟು 8 ಹಂತದ ಕೆಲಸ. ಲಿವರಿನಲ್ಲಿ ಅದರ ವೇಗ ತೀರ್ಮಾನಿಸುವುದು ಮೊದಲ ಹಂತದ ಎಂಜೈಮ್, ಎಎಲ್‌ಎಎಸ್1. ಹೀಮ್ ಸಾಕಷ್ಟಿದ್ದರೆ ಅದೇ ಈ ಎಂಜೈಮ್ ತಯಾರಿಸುವ ಜೀನ್‌ನ ಕೆಲಸ ತಗ್ಗಿಸುತ್ತದೆ. ಕಡಿಮೆಯಾದರೆ ಜೀನ್ ಮತ್ತೆ ಚುರುಕಾಗುತ್ತದೆ.

ಊಟ ಬಿಟ್ಟಾಗ ಲಿವರಿನಲ್ಲಿ ಪಿಜಿಸಿ-1 ಆಲ್ಫಾ ಅನ್ನುವ ಪ್ರೋಟೀನ್ ಏರುತ್ತದೆ. ಗ್ಲೂಕೋಸ್ ತಯಾರಿಸಲು ಅದು ಬೇಕು, ಆದರೆ ಜೊತೆಗೆ ಎಎಲ್‌ಎಎಸ್1 ಜೀನನ್ನೂ ಎಬ್ಬಿಸುತ್ತದೆ. ನಿಮ್ಮಲ್ಲೂ ಇದು ಆಗುತ್ತದೆ, ಮುಂದಿನ ಹಂತಗಳು ಸರಿಯಾಗಿರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ನನ್ನಲ್ಲಿ 3ನೇ ಹಂತದ ಎಂಜೈಮ್, ಎಚ್‌ಎಂಬಿಎಸ್, ಅರ್ಧದಷ್ಟೇ ಇದೆ. 11ನೇ ಕ್ರೋಮೋಸೋಮ್ ಮೇಲಿರುವ ಅದರ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಹಾಗಾಗಿ ಎಎಲ್‌ಎ, ಪಿಬಿಜಿ ಅನ್ನುವ ಅರೆಬರೆ ಪದಾರ್ಥಗಳು ಮೈಯಲ್ಲಿ ಸೇರಿಕೊಂಡು ನರಗಳಿಗೆ ತೊಂದರೆ ಶುರುವಾಗುತ್ತದೆ. ಹೊಟ್ಟೆ ಹಿಂಡುವ ನೋವು, ಎದೆ ಡವಡವ, ಕೈಕಾಲಲ್ಲಿ ಶಕ್ತಿ ಇಲ್ಲ. ಪ್ರತಿ ಸಲ ಹೀಗಾಗುತ್ತೆ ಅಂತಲ್ಲ. ಯಾವ ಸಲ ಆಗುತ್ತೆ ಅಂತ ಮೊದಲೇ ಗೊತ್ತಾಗಲ್ಲ, ಅದೇ ಸಮಸ್ಯೆ.

ಇಷ್ಟು ಹೇಳಿದ ಮೇಲೂ "ಹಾಗಾದ್ರೆ ಬೀಟ್ರೂಟ್ ತಿನ್ನಿ" ಅನ್ನುತ್ತಾರೆ. ನನಗೆ ರಕ್ತ ಕಡಿಮೆ ಇಲ್ಲ! ಮಜ್ಜೆಯಲ್ಲಿ ಹೀಮ್ ಶುರು ಮಾಡುವುದು ಎಎಲ್‌ಎಎಸ್2 ಅನ್ನುವ ಬೇರೆಯೇ ಜೀನ್, ಅದು ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ, ಅದಕ್ಕೂ ನನ್ನ ಹೊಟ್ಟೆನೋವಿಗೂ ಸಂಬಂಧವಿಲ್ಲ.

ಒಂದು ಗೃಹಪ್ರವೇಶದಲ್ಲಿ ಪೂಜೆ ಎರಡು ಗಂಟೆಯಾದರೂ ಮುಗಿದಿರಲಿಲ್ಲ. ಅಡುಗೆಮನೆಯಲ್ಲಿ ಅನ್ನ ತಿನ್ನುತ್ತಿದ್ದೆ. ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ನೈವೇದ್ಯಕ್ಕೆ ಮೊದಲೇ ತಿನ್ನೋಕೆ ಅಷ್ಟೇನು ಅವಸರ?" ಅಂದರು. ಎಲ್ಲರಿಗೂ ಕೇಳುವ ಹಾಗೆ. ಕಾರ್ಬೋಹೈಡ್ರೇಟ್ ನನಗೆ ಔಷಧಿ. ಈ ಕಾಯಿಲೆಯ ಸಣ್ಣ ಅಟ್ಯಾಕ್ ಬಂದಾಗ ಆಸ್ಪತ್ರೆಯಲ್ಲೂ ಗ್ಲೂಕೋಸನ್ನೇ ಏರಿಸುತ್ತಾರೆ, ಅದು ಎಎಲ್‌ಎಎಸ್1 ಅನ್ನು ತಗ್ಗಿಸುತ್ತದೆ. ಜೋರಾದರೆ ಹೀಮನ್ನೇ ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗಿವೋಸಿರಾನ್ ಇಂಜೆಕ್ಷನ್ ಕೂಡ ಲಿವರಿನಲ್ಲಿ ಇದೇ ಎಎಲ್‌ಎಎಸ್1 ಜೀನ್‌ನ ಆರ್‌ಎನ್‌ಎ, ಅಂದರೆ ಎಂಜೈಮ್ ತಯಾರಿಸಲು ಜೀನ್ ಕಳಿಸುವ ಸಂದೇಶವನ್ನು, ಒಡೆದು ಹಾಕುತ್ತದೆ. ಇಷ್ಟೆಲ್ಲ ವಿಜ್ಞಾನ ಮಾಡುವ ಕೆಲಸಕ್ಕೆ ಆ ತುತ್ತು ಅನ್ನವೂ ಸಹಾಯ ಮಾಡುತ್ತಿತ್ತು. ಅದನ್ನು ಅವಸರ ಅಂದರೆ ಸಿಟ್ಟು ಬರುವುದಿಲ್ವಾ?

ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ. "ಮನೆಯವರೆಲ್ಲ ಟೆಸ್ಟ್ ಮಾಡಿಸಿಕೊಂಡಿದ್ದಾರಾ?" ಇದನ್ನು ಯಾರೂ ಕೇಳಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಜೀನ್‌ನ ಈ ಬದಲಾವಣೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ನನ್ನ ಅಪ್ಪನಿಗೂ ಆಗಿಲ್ಲ. ಆದರೆ ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆ, ಕೆಲವು ಸಲ್ಫಾ ಔಷಧಿ, ಹಸಿವು, ಮುಟ್ಟಿಗೆ ಮೊದಲಿನ ಹಾರ್ಮೋನ್ ಏರಿಳಿತ, ಇವುಗಳಲ್ಲಿ ಯಾವುದು ಬೇಕಾದರೂ ಕಿಡಿ ಹೊತ್ತಿಸಬಹುದು. ನನಗೆ ಕಾಯಿಲೆ ಪತ್ತೆಯಾಗುವ ಮೊದಲು ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದರು. ನೋವು ಹಾಗೇ ಉಳಿಯಿತು. ನೋವಿದ್ದಾಗಲೇ ಮೂತ್ರದಲ್ಲಿ ಪಿಬಿಜಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ನಮ್ಮ ಚಿಕ್ಕಪ್ಪ ಟೆಸ್ಟ್ ಬೇಡ ಅನ್ನುತ್ತಾರೆ. ಹೊರಗೆ ಗೊತ್ತಾದರೆ ಮಗಳ ಮದುವೆಗೆ ತೊಂದರೆ ಅಂತ. ಆ ಹುಡುಗಿ ಈಗ ತೂಕ ಇಳಿಸಲು ವಾರಕ್ಕೆರಡು ದಿನ ಊಟ ಬಿಡುತ್ತಿದ್ದಾಳೆ. ಚಿಕ್ಕಪ್ಪ, ಮೊದಲು ನೀವೊಬ್ಬರು ಮಾಡಿಸಿಕೊಳ್ಳಿ. ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮಿಂದ ಅವಳಿಗೂ ಬಂದಿರುವುದಿಲ್ಲ, ಅವಳನ್ನು ಲ್ಯಾಬಿಗೆ ಕರೆದೊಯ್ಯುವ ಪ್ರಮೇಯವೇ ಬರಲ್ಲ. ನನ್ನ ರಿಪೋರ್ಟ್‌ನಲ್ಲಿ ಯಾವ ಬದಲಾವಣೆ ಹುಡುಕಬೇಕು ಅಂತ ಬರೆದಿದೆ, ಕಳಿಸಿಕೊಡುತ್ತೇನೆ.